ಮೂರನೆಯ ಗುಳಿ

೧೮ ಜುಲೈ ೧೯೮೬, ಶುಕ್ರವಾರ

ನಾಲ್ಕು ತಿಂಗಳಿಂದ ಖಾಲಿ ಬಿದ್ದಿದ್ದ ಈ ಪುಸ್ತಕಕ್ಕೆ ಇವತ್ತು ಒಂದು ವಿಷಯ ಸಿಕ್ಕಿದೆ. ವಿಷಯದ ಹೆಸರು ಊರ್ಮಿಳಾ ಮೇಡಂ.

ಪುತ್ತೂರಿನ ನಮ್ಮ ಕಾಲೇಜಿಗೆ ಹೋದ ವರ್ಷ ಒಂದು ಕಂಪ್ಯೂಟರು ಬಂತು. ಅದನ್ನು ಟೀವಿಗೆ ಜೋಡಿಸಿ, ಮಾಹಿತಿ ತುಂಬಿಸಿಡಲು ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಟು, ಕೋಣೆಗೆ ಪರದೆ ಹಾಕಿ ಕಾಪಾಡುತ್ತಿದ್ದಾರೆ. ಒಳಗೆ ಹೋಗಬೇಕಾದರೆ ಚಪ್ಪಲಿ ಕಳಚಬೇಕು. ಭೌತಶಾಸ್ತ್ರದ ಊರ್ಮಿಳಾ ಮೇಡಂ ಮಂಗಳೂರಿನಲ್ಲಿ ಹದಿನೈದು ದಿನ ತರಬೇತಿ ಪಡೆದು ಬಂದ ಮೇಲೆ ಅದರ ಅರ್ಚಕರು ಅವರೇ. ಸಂಖ್ಯಾಶಾಸ್ತ್ರ ಕಲಿಸುವ ನನಗೆ ಇದುವರೆಗೆ ಸಿಕ್ಕಿದ್ದು ಬಾಗಿಲಿನಿಂದ ಇಣುಕುವ ಭಾಗ್ಯ ಮಾತ್ರ.

ಆಗಸ್ಟ್ ಹತ್ತಕ್ಕೆ ಕಾಲೇಜಿನಲ್ಲಿ ಉಚಿತ ಕಣ್ಣಿನ ಶಿಬಿರ. ಸುಳ್ಯ, ಕಡಬ, ಸಂಪಾಜೆ ಕಡೆಯಿಂದ ಮುನ್ನೂರು ಮಂದಿ ಮುದುಕ ಮುದುಕಿಯರು ಬರುತ್ತಾರೆ. ಅವರ ದಾಖಲಾತಿ ಕಂಪ್ಯೂಟರಿನಲ್ಲಿ ಎಂದು ಪ್ರಿನ್ಸಿಪಾಲರು ಎಲ್ಲರಿಗೂ ಹೇಳಿಕೊಂಡು ಬಂದಿದ್ದಾರೆ. ಪ್ರೋಗ್ರಾಮು ಇನ್ನೂ ಬರೆದಿಲ್ಲ. ಡ್ರಾಯಿಂಗ್ ಹಾಳೆಯಲ್ಲಿ ಊರ್ಮಿಳಾ ಮೇಡಂ ಏಳು ಚೌಕ ಎಳೆದು ಬಾಣ ಹಾಕಿದ್ದಾರೆ, ಅಷ್ಟೆ. ಹೆಸರು, ಪ್ರಾಯ, ಗಂಡನ ಅಥವಾ ತಂದೆಯ ಹೆಸರು, ಊರು, ಯಾವ ಕಣ್ಣು, ಬೇರೆ ಕಾಯಿಲೆ, ಕೊನೆಗೆ ಟೇಪಿಗೆ ತುಂಬಿಸಿ ಚೀಟಿ ಮುದ್ರಿಸುವುದು. ಒಬ್ಬರಿಗೆ ಸರಾಸರಿ ಒಂದೂಕಾಲು ನಿಮಿಷ, ಎಂಟೂವರೆಗೆ ಸುರು ಮಾಡಿದರೆ ಎರಡೂಮುಕ್ಕಾಲಿಗೆ ಮುಗಿಯಿತು ಎಂದರು.

ಸರಾಸರಿಯನ್ನು ನಂಬಿ ಹೊಳೆ ದಾಟಿದವನು ಮುಳುಗುವುದು ನಡುವಿನಲ್ಲಿ ಎಂದು ನಾನು ಮೆಲ್ಲನೆ ಹೇಳಿದೆ. ಪ್ರಿನ್ಸಿಪಾಲರಿಗೆ ಕೇಳಿಸುವಷ್ಟು ಮೆಲ್ಲನೆ. ಅವರಿಗೆ ಹೆದರಿಕೆ ಹತ್ತಿತು. ಪ್ರೋಗ್ರಾಮು ಬರೆದು ಮುಗಿದ ಮೇಲೆ ಸೋತರೆ ಎಂತ ಮಾಡುವುದು, ಚಿತ್ರ ನೋಡಿಯೇ ಮುಂದೆ ಹೇಗೆ ಓಡುತ್ತದೆಂದು ಹೇಳಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ, ಸಂಭವನೀಯತೆಯ ಲೆಕ್ಕದಿಂದ ಎಂದೆ. ಊರ್ಮಿಳಾ ಮೇಡಂ ಹಾಳೆಯನ್ನು ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟರು. ಕೊಟ್ಟ ರೀತಿ ಹೊಡೆಯುವ ಹಾಗಿತ್ತು.

೨೦ ಜುಲೈ, ಭಾನುವಾರ

ಅಮ್ಮನಿಗೆ ಶಿಬಿರದ ವಿಷಯ ಹೇಳಿದೆ. ಎಡಗಣ್ಣು ಹೋಗಿ ಎರಡು ವರ್ಷ ಆಯಿತು. ಬಲಗಣ್ಣಿಗೆ ಈಗ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬಷ್ಟು ತಿಳಿಯುತ್ತದೆ. ಪೊರೆ ಪೂರ್ತಿ ಬಲಿತಿದೆ, ಇನ್ನೊಂದು ಮಳೆಗಾಲ ಬಿಟ್ಟರೆ ಇದೂ ಕೈಗೆ ಸಿಗುವುದಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದಾರೆ. ಆದರೆ ಅಮ್ಮ ಎರಡು ವರ್ಷದ ಹಿಂದೆ ಬೇರೆಲ್ಲೋ ಒಂದು ಶಿಬಿರಕ್ಕೆ ಹೋಗಿ, ಬೆಳಗ್ಗಿನಿಂದ ಸಂಜೆಯವರೆಗೆ ಬೆಂಚಿನಲ್ಲಿ ಕೂತು, ಡಾಕ್ಟರರ ವ್ಯಾನು ಹೊರಡುವ ಶಬ್ದ ಕೇಳಿ ಮನೆಗೆ ಬಂದವರು. ಆವತ್ತಿನಿಂದ ಶಿಬಿರ ಎಂದರೆ ಮುಖ ತಿರುಗಿಸುತ್ತಾರೆ.

"ನನ್ನನ್ನು ಎಷ್ಟು ಗಂಟೆಗೆ ಕರೀತಾರೆ ಅಂತ ಮೊದಲೇ ಹೇಳು. ಆ ಗಂಟೆಗೆ ಕರೆದರೆ ಸರಿ. ಇಲ್ಲದಿದ್ದರೆ ನಾನು ಎದ್ದು ಬರುದೇ. ಮತ್ತೆ ಯಾವ ಡಾಕ್ಟರನ ಸುದ್ದಿಯೂ ಬೇಡ" ಎಂದರು.

ಅಮ್ಮ ಎದ್ದು ಬರುತ್ತೇನೆ ಎಂದರೆ ಎದ್ದು ಬರುವವರೇ. ನಾನು ಹೇಳುತ್ತೇನೆ ಎಂದು ಒಪ್ಪಿಕೊಂಡೆ. ಅಲ್ಲಿಗೆ ಅಮ್ಮ ಸುಮ್ಮನಿರಬಹುದಿತ್ತು.

"ಸುಮತಿಯ ಮದುವೆಯ ಹಾಗೆ ಆಗಬಾರದು, ನೋಡು."

ಆ ಮಾತು ಬೇಕಿರಲಿಲ್ಲ. ಏಳು ವರ್ಷದ ಹಿಂದೆ, ೧೯೭೯ರಲ್ಲಿ, ಎಂ.ಎಸ್ಸಿ. ಮುಗಿಸಿ ಬಂದವನೇ ತಂಗಿಯ ಮದುವೆಗೆ ಎಷ್ಟು ಎಲೆ ಬೀಳುತ್ತದೆಂದು ನಾನೇ ಲೆಕ್ಕ ಹಾಕುತ್ತೇನೆ ಎಂದು ಹಟ ಹಿಡಿದಿದ್ದೆ. ಮನೆಯಲ್ಲಿ ಅದಕ್ಕೆ ಹೆಸರಾದವರು ಅಪ್ಪ. ನಮ್ಮ ಕುಂಬ್ರದಿಂದ ಸುಳ್ಯದವರೆಗೆ ಯಾರ ಮನೆಯಲ್ಲಿ ಊಟವಾದರೂ ಎಷ್ಟು ಅಕ್ಕಿ ಬೇಕೆಂದು ಅವರನ್ನೇ ಕೇಳುತ್ತಿದ್ದರು. ಅಂಗಳದಲ್ಲಿ ಒಂದು ಸುತ್ತು ಬಂದು ಬಾಯಿಲೆಕ್ಕ ಹೇಳುತ್ತಿದ್ದರು. ಆ ಸಲ ನನಗೆ ಬಿಟ್ಟುಕೊಟ್ಟರು. ನಾನು ಆರುನೂರ ಹನ್ನೆರಡು ಎಂದೆ. ಮೂರನೆಯ ಪಂಕ್ತಿಗೆ ಅನ್ನ ಮುಗಿಯಿತು, ಎಪ್ಪತ್ತು ಜನ ನಿಂತಿದ್ದರು. ಅವರು ಹಿಂಬಾಗಿಲಿನಿಂದ ಹೋಗಿ ಹತ್ತು ನಿಮಿಷದಲ್ಲಿ ಪಕ್ಕದ ಕದೀಜಮ್ಮನ ಮನೆಯಿಂದ ಒಂದು ಮೂಟೆ ಅಕ್ಕಿ ತಂದು, ಬೀಗರ ಎದುರು ನಿಂತು, ಈ ಸಲ ನನ್ನ ಅಂದಾಜು ತಪ್ಪಿತು ಎಂದರು. ಬೈದಿದ್ದರೆ ನಾನು ಮರೆಯುತ್ತಿದ್ದೆ. ಮೂರು ವರ್ಷದ ನಂತರ ಅವರು ತೀರಿಕೊಳ್ಳುವವರೆಗೆ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ.

೨೩ ಜುಲೈ, ಬುಧವಾರ

ಮಾದರಿ ಸಿದ್ಧವಾಯಿತು. ಸಾಧನ: ನಮ್ಮ ಮನೆಯ ಚೆನ್ನೆಮಣೆ, ಗುಳಿಗಳಿಗೆ ಬೀಜ ಹಾಕಿ ಆಡುವ ಮರದ ಮಣೆ.

ಜಡಿಮಳೆಯ ಆಟಿ ತಿಂಗಳಾದ್ದರಿಂದ ಮಣೆ ಅಟ್ಟದಿಂದ ಇಳಿದಿದೆ. ಆಟಿ ಮುಗಿದ ಮೇಲೆ ಆಡಬಾರದೆಂದು ಅಮ್ಮ ಪುನಃ ಅಟ್ಟಕ್ಕೆ ಹಾಕಿಸುತ್ತಾರೆ, ಹಾಗಾಗಿ ವಿಜ್ಞಾನಕ್ಕೆ ಇರುವ ಅವಧಿ ಆಗಸ್ಟ್ ಹದಿನಾರರವರೆಗೆ. ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಕೆಳಗಿನ ಏಳು ಗುಳಿ ಊರ್ಮಿಳಾ ಮೇಡಂ ಅವರ ಏಳು ಚೌಕ. ಮೇಲಿನ ಸಾಲು ಕಾಯುವವರ ಬೆಂಚು. ಆಟದ ಕೆಂಪು ಮಂಜೊಟ್ಟಿ ಬೀಜ ಒಂದೊಂದೂ ಒಬ್ಬೊಬ್ಬ ರೋಗಿ. ಯಂತ್ರ ಒಂದೇ ಆದ್ದರಿಂದ ಒಂದು ಬೀಜ ಏಳೂ ಗುಳಿ ದಾಟಿ ಹೊರಬೀಳುವವರೆಗೆ ಇನ್ನೊಂದು ಒಳಗೆ ಬರುವ ಹಾಗಿಲ್ಲ. ಪ್ರತಿ ಗುಳಿಯಲ್ಲಿ ಎಷ್ಟು ಹೊತ್ತು ಕೂರಬೇಕೆಂದು ಕವಡೆ ಹೇಳಬೇಕು. ಕವಡೆ ಬೀಳುವುದು ದೈವಾಧೀನ, ಲೋಕದಲ್ಲಿ ಜನರ ವರ್ತನೆಯೂ ಹಾಗೆಯೇ.

ಕವಡೆ ಹಾಕಲು ಅಮ್ಮನನ್ನು ಕೂರಿಸಿದೆ. ನಲುವತ್ತು ರೋಗಿಗಳು ಮುಗಿಯುವಾಗ ನನಗೆ ಸಂಶಯ ಬಂತು. ಏಳನೆಯ ಗುಳಿಗೆ ಸುಬ್ರಹ್ಮಣ್ಯದ ಬಸ್ಸಿನವರೆಂದು ನಾನು ಹೇಳಿದ ಬೀಜ ಬಂದಾಗಲೆಲ್ಲ ಒಳ್ಳೆಯ ಸಂಖ್ಯೆ ಬೀಳುತ್ತಿತ್ತು. ಅಮ್ಮನ ತವರು ಆ ಕಡೆ. ಕೇಳಿದರೆ ಐವತ್ತು ವರ್ಷ ಕವಡೆ ಹಾಕಿದ ಕೈ, ಬೇಕಾದ್ದು ಬೀಳುತ್ತದೆ, ಅದಕ್ಕೆ ಕಣ್ಣು ಬೇಡ ಎಂದರು.

ನನ್ನ ತಾಯಿ ಯಾದೃಚ್ಛಿಕವಲ್ಲ ಎಂದು ಇಲ್ಲಿ ದಾಖಲಿಸುತ್ತೇನೆ. ನಲುವತ್ತು ರೋಗಿಗಳೂ ರದ್ದು.

೨೭ ಜುಲೈ, ಭಾನುವಾರ

ಕವಡೆಯ ಬದಲು ಬಸ್ಸಿನ ಟಿಕೇಟು. ಮೂರು ದಿನದಿಂದ ಸ್ಟ್ಯಾಂಡಿನಲ್ಲಿ ಇಳಿದವರು ಎಸೆದ ಟಿಕೇಟುಗಳನ್ನು ಹೆಕ್ಕುತ್ತಿದ್ದೇನೆ. ಚೀಲದಲ್ಲಿ ಹಾಕಿ ಕುಲುಕಿ, ಒಂದು ತೆಗೆದು ಕೊನೆಯ ಅಂಕಿ ನೋಡುವುದು. ನನ್ನ ವಿದ್ಯಾರ್ಥಿಗಳು ನೋಡಿದರು. ಒಬ್ಬಳು ತನ್ನ ಟಿಕೇಟನ್ನೂ ತಂದುಕೊಟ್ಟಳು, ಮುಖದಲ್ಲಿ ತುಂಬ ಕರುಣೆ ಇತ್ತು.

ಇವತ್ತು ಮುನ್ನೂರು ಬೀಜ ಓಡಿಸಿದೆ. ಬೀಜಗಳನ್ನು ಒಂದೊಂದಾಗಿ ಬಿಡಲಿಲ್ಲ, ನಮ್ಮಲ್ಲಿ ಜನ ಬರುವುದು ಬಸ್ಸಿನಲ್ಲಿ, ಸುಳ್ಯದ ಬಸ್ಸು ಬಂದರೆ ಒಂದು ಹಿಡಿ. ಏಳನೆಯ ಗುಳಿಯೇ ಕಳ್ಳ. ಪ್ರತಿಯೊಬ್ಬರಿಗೂ ಟೇಪು ತಿರುಗಿಸಿ ನಿಲ್ಲಿಸುವುದಕ್ಕೆ ಹೊತ್ತು ಹೋಗುತ್ತದೆ, ಮೇಲಿನ ಸಾಲು ತುಂಬಿ ತುಳುಕುತ್ತದೆ. ನನಗೆ ಆದ ಸಂತೋಷವನ್ನು ಬರೆದಿಡುವುದು ಸಭ್ಯತೆಯಲ್ಲ.

೨೮ ಜುಲೈ, ಸೋಮವಾರ

ಹೇಳಿದೆ. ಊರ್ಮಿಳಾ ಮೇಡಂ ಹಾಳೆ ನೋಡಿ, ಹತ್ತು ಜನರದ್ದು ಒಟ್ಟಿಗೆ ಟೇಪಿಗೆ ತುಂಬಿಸಿದರೆ ಆಯಿತಲ್ಲ ಎಂದು ಪೆನ್ಸಿಲಿನಲ್ಲಿ ಒಂದು ಬಾಣ ತಿದ್ದಿದರು. ಎರಡು ನಿಮಿಷವೂ ಹಿಡಿಯಲಿಲ್ಲ. ಥ್ಯಾಂಕ್ಸ್ ಬೇರೆ ಹೇಳಿದರು. ಬೇಜಾರಾಯಿತು.

೩೧ ಜುಲೈ, ಗುರುವಾರ

ಸಂಜೆ ತಿದ್ದಿದ ಮಾದರಿಯನ್ನು ಓಡಿಸುತ್ತಿದ್ದೆ. ಅಮ್ಮ ಪಕ್ಕದಲ್ಲಿ ಕೂತು ಬೆರಳಿನಿಂದ ಮಣೆಯನ್ನು ತಡವುತ್ತಿದ್ದರು. ಮೂರನೆಯ ಗುಳಿಯಲ್ಲಿ ಬೆರಳು ನಿಂತಿತು. ಇದು ಯಾವುದು ಎಂದು ಕೇಳಿದರು. ಗಂಡನ ಹೆಸರು ಎಂದೆ. ಇದಕ್ಕೆ ಎಷ್ಟು ಹೊತ್ತು ಕೊಟ್ಟಿದ್ದೀ ಎಂದರು. ಹತ್ತು ಸೆಕೆಂಡು ಎಂದೆ.

ಅಮ್ಮ ನಕ್ಕರು. ನಗು ನಿಲ್ಲಲಿಲ್ಲ, ಸೆರಗು ಬಾಯಿಗೆ ಹಿಡಿದು ನಕ್ಕರು.

"ನಲುವತ್ತಾರು ವರ್ಷದಲ್ಲಿ ನಾನು ಒಂದು ಸಲವೂ ಹೇಳ್ಲಿಲ್ಲ ಮಗಾ. ನಿನ್ನ ಮಿಷನಿಗೆ ಹತ್ತು ಸೆಕೆಂಡಿನಲ್ಲಿ ಹೇಳುದುಂಟಾ?"

ನಾನು ಈ ಊರಿನಲ್ಲೇ ಹುಟ್ಟಿದವನು. ರೇಷನ್ ಕಾರ್ಡಿನವರು ಬಂದಾಗ ಅಮ್ಮ ಉತ್ತರ ಹೇಳದೆ ನನ್ನನ್ನು ಕರೆಯುತ್ತಿದ್ದುದನ್ನು ಎಷ್ಟು ಸಲ ನೋಡಿದ್ದೇನೆ. ಆದರೂ ಗುಳಿಗೆ ಹತ್ತು ಸೆಕೆಂಡು ಹಾಕಿದ್ದೆ. ಊರ್ಮಿಳಾ ಮೇಡಂ ಅವರ ಚೌಕವಂತೂ ಉತ್ತರ ಸಿಗದೆ ಮುಂದೆ ಹೋಗಲು ಬಿಡುವುದೇ ಇಲ್ಲ.

ಹೆಸರು ಹೇಳಿದರೆ ಎಂತ ಆಗುತ್ತದೆ ಎಂದು ಸ್ವಲ್ಪ ಸಿಟ್ಟಿನಲ್ಲೇ ಕೇಳಿದೆ.

"ನೀನು ಹೇಳುತ್ತೀಯಾ? ಅವರು ಹೋದ ಮೇಲೆ ನಿನ್ನ ಬಾಯಲ್ಲಿಯೂ ಆ ಹೆಸರು ಕೇಳ್ಲಿಲ್ಲ. ನಿನಗೂ ಅವರು ಗಂಡನಾ?"

ಇದಕ್ಕೂ ಮಾದರಿಗೂ ಸಂಬಂಧವಿಲ್ಲ.

೧ ಆಗಸ್ಟ್, ಶುಕ್ರವಾರ

ಕ್ಷೇತ್ರಕಾರ್ಯ. ಗಡಿಯಾರ ಹಿಡಿದು ಕುಂಬ್ರದಲ್ಲಿ ಒಂಬತ್ತು ಮುದುಕಿಯರನ್ನು ಗಂಡನ ಹೆಸರು ಕೇಳಿದೆ. ಇಬ್ಬರು ಬೈದರು. ಅಮ್ಮು ಎಂಬವರು ಗಂಡನ ಹೆಸರಿನ ದೇವರು ಯಾವುದು, ಅವರ ಗುಡಿ ಎಲ್ಲಿದೆ, ಜಾತ್ರೆ ಯಾವಾಗ ಎಂದೆಲ್ಲ ಹೇಳಿ ನನ್ನಿಂದಲೇ ಹೇಳಿಸಿದರು, ಮೂರು ನಿಮಿಷ ನಲುವತ್ತು ಸೆಕೆಂಡು. ಪಕ್ಕದ ಮನೆಯ ಕದೀಜಮ್ಮ ಆಯಿಶಾನ ಬಾಪ ಎಂದರು. ಅದಲ್ಲ, ಹೆಸರು ಎಂದೆ. ಬಟ್ಟೆ ಮಾರುತ್ತಿದ್ದರಲ್ಲ, ನಿನಗೂ ಒಂದು ಲುಂಗಿ ಕೊಟ್ಟಿದ್ದರಲ್ಲ ಎಂದರು. ಗೊತ್ತು, ಮೂಸಕುಂಞಿ ಎಂದೆ. ಗೊತ್ತಿದ್ದವನು ಮತ್ತೆ ಯಾಕೆ ಕೇಳುದು ಎಂದು ಒಳಗೆ ಹೋದರು. ನಾಲ್ಕು ನಿಮಿಷ ಹತ್ತು ಸೆಕೆಂಡು.

ಹೊಸ ಅಂಕಿಗಳನ್ನು ಹಾಕಿ ಓಡಿಸಿದೆ. ಮುನ್ನೂರರಲ್ಲಿ ಇಂಥ ಹೆಂಗಸರು ನೂರಿಪ್ಪತ್ತಾದರೆ ಕೆಲಸ ಮುಗಿಯುವುದು ಸಂಜೆ ಆರೂಮುಕ್ಕಾಲಿಗೆ. ಡಾಕ್ಟರರ ವ್ಯಾನು ನಾಲ್ಕಕ್ಕೆ ಹೊರಡುತ್ತದೆ. ಅಮ್ಮನ ಚೀಟಿ ನೂರಿಪ್ಪತ್ತೆರಡನೆಯದು. ಸರದಿ ಬರುವಾಗ ಮಧ್ಯಾಹ್ನ ದಾಟುತ್ತದೆ, ಎಷ್ಟು ದಾಟುತ್ತದೆಂದು ಹೇಳಲಿಕ್ಕೂ ಬರುವುದಿಲ್ಲ.

ಸೋಮವಾರ ಸಿಬ್ಬಂದಿ ಸಭೆ. ಎಲ್ಲರ ಎದುರು ಹೇಳುತ್ತೇನೆ. ಚೆನ್ನೆಮಣೆಯನ್ನೂ ಒಯ್ಯುವುದೆಂದು ನಿಶ್ಚಯಿಸಿದ್ದೇನೆ.

೪ ಆಗಸ್ಟ್, ಸೋಮವಾರ

ಮಣೆ ಒಯ್ದೆ. ಸಭೆಯಲ್ಲಿ ಹೇಳಲಿಲ್ಲ. ಪ್ರಿನ್ಸಿಪಾಲರು ಅವಸರದಲ್ಲಿದ್ದರು, ಫ್ಯಾನು ಬೇರೆ ಶಬ್ದ ಮಾಡುತ್ತಿತ್ತು. ಸಭೆ ಮುಗಿದ ಮೇಲೆ ಜಗಲಿಯಲ್ಲಿ ಊರ್ಮಿಳಾ ಮೇಡಂ ಒಬ್ಬರಿಗೇ ತೋರಿಸಿದೆ. ಪ್ರೋಗ್ರಾಮಿನ ಇನ್ನೂರು ಸಾಲು ಬರೆದಾಗಿತ್ತಂತೆ. ಅವರು ಮೂರನೆಯ ಗುಳಿಯನ್ನು ತುಂಬ ಹೊತ್ತು ನೋಡಿದರು.

"ನನ್ನ ಅಜ್ಜಿಯೂ ಹೇಳುದಿಲ್ಲ ಸರ್. ನನಗೆ ಗೊತ್ತಿತ್ತು. ಚಿತ್ರ ಬಿಡಿಸುವಾಗ ಅಜ್ಜಿಯ ನೆನಪೇ ಬರಲಿಲ್ಲ."

ನನಗೂ ಬರಲಿಲ್ಲ ಎಂದೆ. ಆ ಚೌಕವನ್ನು ತೆಗೆಯುವ ಹಾಗೆ ಇಲ್ಲ, ಒಂದೇ ಹೆಸರಿನವರು ಹತ್ತು ಮಂದಿ ಇರುತ್ತಾರೆ, ಒಬ್ಬರ ಕಣ್ಣಿನ ಬದಲು ಇನ್ನೊಬ್ಬರ ಕಣ್ಣು ಕೊಯ್ದರೆ ಕಷ್ಟ ಎಂದು ಡಾಕ್ಟರರೇ ಹೇಳಿದ್ದಾರಂತೆ.

ಮನೆಗೆ ಬಂದು ಅಮ್ಮನ ಹತ್ತಿರ ಹೇಳಿದೆ. ಅಮ್ಮ ಎರಡು ಬೀಜ ಎತ್ತಿ ಒಟ್ಟಿಗೆ ಗುಳಿಗೆ ಹಾಕಿದರು. ಇಬ್ಬಿಬ್ಬರನ್ನು ಕರೆಯಿರಿ, ಇವಳ ಗಂಡನ ಹೆಸರು ಅವಳು ಹೇಳಲಿ, ಅವಳದ್ದು ಇವಳು ಹೇಳಲಿ, ಬೇರೆಯವರ ಗಂಡನ ಹೆಸರು ಹೇಳಲಿಕ್ಕೆ ಯಾವ ಹೆಂಗಸಿಗೂ ನಾಚಿಕೆ ಇಲ್ಲ ಎಂದರು.

ನಾನು ಆರು ವರ್ಷ ಓದಿದ್ದು ಸಂಖ್ಯಾಶಾಸ್ತ್ರ.

೬ ಆಗಸ್ಟ್, ಬುಧವಾರ

ಜೋಡಿ ಪದ್ಧತಿಯಲ್ಲಿ ಇಪ್ಪತ್ತು ಸಲ ಓಡಿಸಿದೆ. ಹದಿನೆಂಟು ಸಲ ಮೂರೂಕಾಲರ ಒಳಗೆ ಮುಗಿಯಿತು. ಊರ್ಮಿಳಾ ನಿನ್ನೆ ಇಡೀ ದಿನ ಕೂತು ಪ್ರೋಗ್ರಾಮನ್ನು ಜೋಡಿಗೆ ತಕ್ಕ ಹಾಗೆ ಬದಲಿಸಿದ್ದಾರೆ. ಚಪ್ಪಲಿ ಹಾಕಿಕೊಂಡೇ ಒಳಗೆ ಬನ್ನಿ ಎಂದರು. ನಾನು ಕಳಚಿಯೇ ಹೋದೆ.

ಒಂದು ತೊಂದರೆ. ಅಮ್ಮನಿಗೆ ಜೋಡಿ ಬೇಕು, ನೂರಿಪ್ಪತ್ತಮೂರನೆಯ ಚೀಟಿ ಕದೀಜಮ್ಮನದ್ದು. ಇಬ್ಬರಿಗೂ ಐದು ವರ್ಷದಿಂದ ಮಾತಿಲ್ಲ. ಕಾರಣ ಚೆನ್ನೆ. ಒಂದು ಆಟಿಯಲ್ಲಿ ಆಡುವಾಗ ಒಂದು ಬೀಜ ಕಾಣೆಯಾಯಿತು, ಇವರು ಅವರು ಕದ್ದದ್ದು ಎನ್ನುತ್ತಾರೆ, ಅವರು ಇವರು ಎನ್ನುತ್ತಾರೆ. ಈಗ ಇಬ್ಬರಿಗೂ ಪೊರೆ ಬಂದು, ಹುಡುಕುವ ದಾರಿಯೂ ಮುಚ್ಚಿದೆ. ನಾನು ನಾಲ್ಕು ಸಲ ಬೇಲಿ ದಾಟಿ ಸಂಧಾನ ಮಾಡಿದೆ. ಗಂಡನ ಹೆಸರು ಬಿಟ್ಟು ಬೇರೆ ಮಾತು ಆಡುವುದಿಲ್ಲ ಎಂಬ ಕರಾರಿನ ಮೇಲೆ ಇಬ್ಬರೂ ಒಪ್ಪಿದರು.

೯ ಆಗಸ್ಟ್, ಶನಿವಾರ

ಅಮ್ಮ ಗಂಟೆ ಕೇಳಿದರು. ಹತ್ತೂಮುಕ್ಕಾಲರಿಂದ ಹನ್ನೊಂದೂಕಾಲರ ಒಳಗೆ, ಹತ್ತರಲ್ಲಿ ಒಂಬತ್ತು ಪಾಲು ಎಂದೆ. ಹಾಗಾದರೆ ನಿನಗೆ ಗೊತ್ತಿಲ್ಲ ಎಂದರು. ಒಂದೇ ಗಂಟೆ ಬೇಕಂತೆ. ಹನ್ನೊಂದು ಗಂಟೆ ಐದು ನಿಮಿಷ ಎಂದು ಹೇಳಿಬಿಟ್ಟೆ.

ಉಳಿದ ಒಂದು ಪಾಲು ಇಡೀ ದಿನ ತಲೆಯಲ್ಲಿ ಕೂತಿತ್ತು. ಮೂರು ದಿನದಿಂದ ಕೈ ಖಾಲಿ ಇದ್ದಾಗಲೆಲ್ಲ ಏಳು ಕಾಲಮಿನ ಚೀಟಿಗಳನ್ನು ಗೆರೆ ಹಾಕಿ ಮಾಡುತ್ತಿದ್ದೇನೆ, ಇವತ್ತಿಗೆ ಇನ್ನೂರಾಯಿತು. ಬಟ್ಟೆಚೀಲಕ್ಕೆ ತುಂಬಿಸಿ ಪ್ರಯೋಗಶಾಲೆಯ ಬೀರುವಿನ ಹಿಂದೆ ಇಟ್ಟು ಬಂದೆ. ಊರ್ಮಿಳಾಗೆ ಹೇಳಲಿಲ್ಲ, ಹೇಳಿದರೆ ಅವರ ಪ್ರೋಗ್ರಾಮನ್ನು ನಂಬಲಿಲ್ಲ ಎಂದಾಗುತ್ತದೆ. ವಿಶೇಷ ಏನಿಲ್ಲ, ಕಾಗದ ಸುಮ್ಮನೆ ಬಿದ್ದಿತ್ತು.

೧೦ ಆಗಸ್ಟ್, ಭಾನುವಾರ

ಎಂಟೂವರೆಗೆ ಸುರುವಾಯಿತು. ಮುದುಕಿಯರು ಜೋಡಿಯಾಗಿ ಬಂದು, ಒಬ್ಬರ ಗಂಡನನ್ನು ಒಬ್ಬರು ಗಟ್ಟಿಯಾಗಿ ಹೆಸರು ಹಿಡಿದು ಕರೆದು, ನಕ್ಕು, ಪುನಃ ಕರೆದರು. ಸಂಪಾಜೆಯ ಒಬ್ಬರು ಕೇಳದಿದ್ದರೂ ಮೂರು ಸಲ ಹೇಳಿದರು. ಹತ್ತೂವರೆಗೆ ತೊಂಬತ್ತಾರು ಮಂದಿ ದಾಟಿದ್ದರು. ನನ್ನ ಮಾದರಿಯಲ್ಲಿ ತೊಂಬತ್ತೇಳು. ನಾನು ಸ್ವಲ್ಪ ಎತ್ತರವಾದ ಹಾಗೆ ಅನಿಸಿತು.

ಹತ್ತು ಐವತ್ತಕ್ಕೆ ಕರೆಂಟು ಹೋಯಿತು.

ಪುತ್ತೂರಿನಲ್ಲಿ, ಆಟಿಯಲ್ಲಿ, ಕರೆಂಟು ಹೋಗಬಹುದೆಂದು ನನ್ನ ಮಣೆಯಲ್ಲಿ ಒಂದು ಗುಳಿಯೂ ಇರಲಿಲ್ಲ. ಟೀವಿ ಕಪ್ಪಾಯಿತು. ಟೇಪಿಗೆ ತುಂಬಿಸದ ಆರು ಜನ ಗಾಳಿಗೆ ಹೋದರು. ಊರ್ಮಿಳಾ ಕೀಲಿಗಳ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು. ಪ್ರಿನ್ಸಿಪಾಲರು ಎಲ್ಲರ ಎದುರು ಅವಳ ಕಡೆ ತಿರುಗಿ, ಇದಕ್ಕೆ ಎಂತ ಮಾಡುತ್ತೀರಿ ಎಂದು ಕೇಳಿದರು. ಬೆಂಚಿನ ಮೇಲೆ ಇನ್ನೂ ಹತ್ತಿರ ಹತ್ತಿರ ನೂರ ತೊಂಬತ್ತು ಜನ. ನಾನು ಹೋಗಿ ಬೀರುವಿನ ಹಿಂದಿನಿಂದ ಚೀಲ ತಂದು ಮೇಜಿನ ಮೇಲೆ ಸುರಿದೆ.

"ಮೇಡಮಿನ ಪ್ರೋಗ್ರಾಮು ಸರಿ ಉಂಟು ಸರ್. ಲೆಕ್ಕ ಹಾಕಿದ್ದು ನಾನು. ನನ್ನ ಅಂದಾಜು ತಪ್ಪಿತು."

ಊರ್ಮಿಳಾ ಚೀಟಿಗಳನ್ನು ನೋಡಿದಳು, ನನ್ನನ್ನು ನೋಡಿದಳು, ಪೆನ್ನು ತೆಗೆದಳು. ಒಬ್ಬ ಪ್ರಶ್ನೆ ಕೇಳುವುದು, ಒಬ್ಬಳು ಬರೆಯುವುದು. ಕಳೆದುಹೋದ ಆರು ಜನರನ್ನು ಮೊದಲು ಕರೆದೆವು.

ಅಮ್ಮ ಬೆಂಚಿನಿಂದ ಗಂಟೆ ಎಷ್ಟೆಂದು ಕೇಳಿದರು. ನನ್ನ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತೆರಡು. ಹನ್ನೊಂದು ಐದು ಎಂದೆ. ನನ್ನ ವೃತ್ತಿಯಲ್ಲಿ ಅಂಕಿಯನ್ನು ತಿರುಚಿದ್ದು ಇದೇ ಮೊದಲು. ಹಾಗಾದರೆ ಸರಿ ಎಂದು ಅಮ್ಮ ಎದ್ದು ಮೇಜಿಗೆ ಬಂದರು. ಹಿಂದೆ ಕದೀಜಮ್ಮ.

ಅಮ್ಮ ಮೂಸಕುಂಞಿ ಎಂದರು, ಮುಖ ಆ ಕಡೆ ತಿರುಗಿಸಿ. ಈಗ ಚೆನ್ನು ಅವರ ಗಂಡನ ಹೆಸರು ಎಂದು, ಬೇರೆ ರೋಗಿಗಳ ಹಾಗೆ ಅಮ್ಮನನ್ನೂ ಹೆಸರು ಹಿಡಿದೇ ನಾನು ಕೇಳಿದೆ. ಕದೀಜಮ್ಮ ಕೈ ಚಾಚಿ ಮೇಜಿನ ಮೇಲಿದ್ದ ಚೀಟಿಗಳ ಕಟ್ಟನ್ನು ತಡವಿ, ಇದು ಯಾರು ಮಾಡಿಟ್ಟದ್ದು ಎಂದು ಕೇಳಿದರು. ನಾನೇ, ಸುಮ್ಮನೆ, ಇರಲಿ ಎಂದು ಎಂದೆ.

"ನಿನ್ನ ಅಪ್ಪನೂ ಹೀಗೇ ಅಲ್ವಾ. ಸುಮತಿಯ ಮದುವೆಗೆ ಮೂರು ದಿನ ಇರುವಾಗ ಒಂದು ಮೂಟೆ ಅಕ್ಕಿ ತಂದು ನಮ್ಮ ಚಾವಡಿಯಲ್ಲಿ ಇಟ್ಟರು. ಹುಡುಗ ಲೆಕ್ಕ ಹಾಕಿದ್ದಾನೆ, ಅದು ಹಾಗೇ ಇರಲಿ, ಇದು ಇಲ್ಲಿರಲಿ, ಅವನಿಗೆ ಹೇಳುದು ಬೇಡ ಅಂದರು. ನಾನು ಇದುವರೆಗೆ ಹೇಳ್ಲಿಲ್ಲ."

ಆಮೇಲೆ ಹೆಸರು ಹೇಳಿದರು. ಊರ್ಮಿಳಾ ಬರೆದುಕೊಂಡಳು. ನಾನು ಮುಂದಿನ ಪ್ರಶ್ನೆ ಕೇಳಬೇಕಿತ್ತು, ಊರು ಯಾವುದು ಎಂದು. ಅವಳೇ ಕೇಳಿದಳು.

ಮೂರು ಐವತ್ತಕ್ಕೆ ಕೊನೆಯ ಚೀಟಿ. ನಾಲ್ಕಕ್ಕೆ ವ್ಯಾನು ಹೊರಟಿತು. ಅಮ್ಮನ ಹೆಸರು ಆಪರೇಷನ್ನಿನ ಪಟ್ಟಿಯಲ್ಲಿದೆ, ಕದೀಜಮ್ಮನದ್ದೂ ಇದೆ. ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಕುಂಬ್ರದವರೆಗೆ ಆ ಬೀಜದ ವಿಷಯದಲ್ಲಿ ಜಗಳವಾಡಿದರು. ಇಳಿಯುವಾಗ ಅಮ್ಮ ನನ್ನ ತೋಳು ಹಿಡಿದು, ಹನ್ನೊಂದೂಕಾಲರ ಸುಳ್ಯದ ಬಸ್ಸಿನ ಹಾರ್ನು ನಾನು ಕೇಳಿದ ಮೇಲೆಯೇ ನೀನು ಹನ್ನೊಂದು ಐದು ಅಂದದ್ದು ಎಂದರು. ಮತ್ತೆ ಯಾಕೆ ಎದ್ದು ಬರಲಿಲ್ಲ ಎಂದು ಕೇಳಿದೆ. ಅಮ್ಮ ತೋಳನ್ನು ಮನೆಯವರೆಗೆ ಬಿಡಲಿಲ್ಲ.

೧೧ ಆಗಸ್ಟ್, ಸೋಮವಾರ

ಆಪರೇಷನ್ನಿನ ಒಪ್ಪಿಗೆ ಪತ್ರವನ್ನು ಮನೆಯವರು ತುಂಬಿಸಬೇಕು. ಬೆಳಗ್ಗೆ ಜಗಲಿಯಲ್ಲಿ ಕೂತು ತುಂಬಿಸಿದೆ. ಅಭ್ಯಾಸಬಲದಿಂದ ಗಡಿಯಾರ ಪಕ್ಕದಲ್ಲಿಟ್ಟಿದ್ದೆ.

ರೋಗಿಯ ಹೆಸರು: ಚೆನ್ನು. ನಾಲ್ಕು ಸೆಕೆಂಡು.

ಪ್ರಾಯ: ಅರುವತ್ತೆರಡು. ಮೂರು ಸೆಕೆಂಡು.

ಗಂಡನ ಹೆಸರು: ತ್ಯಾಂಪಣ್ಣ. ಏಳು ವರ್ಷ.